ಎಂಟನೇ ದಿನ ಯಾರನ್ನು ಕೇಳಬೇಕು?

ಅಪಘಾತದಲ್ಲಿ ತಲೆಗೆ ಪೆಟ್ಟಾದವರಿಗೆ ಸರ್ಕಾರ ಏನೂ ಮಾಡಿಲ್ಲ ಅಂದರೆ ಸುಳ್ಳಾಗುತ್ತದೆ. ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿ, ಸಾಯುವ ಹೊತ್ತಲ್ಲೂ ಅಂಗಾಂಗ ದಾನದ ಮಾತಾಡಿದ ಹರೀಶ್ ನೆನಪಿರಬೇಕಲ್ವಾ? ಅವರ ಹೆಸರಲ್ಲಿ 2016ರಲ್ಲೇ ನಮ್ಮ ರಾಜ್ಯ ಯೋಜನೆ ತಂದಿತು. ಮೊದಲ 48 ಗಂಟೆ, 25 ಸಾವಿರದವರೆಗೆ ಉಚಿತ ಚಿಕಿತ್ಸೆ. 2025ರಲ್ಲಿ ಕೇಂದ್ರದ್ದೂ ಬಂತು: 7 ದಿನ, ಒಂದೂವರೆ ಲಕ್ಷದವರೆಗೆ. ಒಳ್ಳೆಯದೇ. ಜೀವ ಉಳಿಯುತ್ತದೆ.

ಎಂಟನೇ ದಿನದಿಂದ?

ನಮ್ಮ ಚಿಕ್ಕಪ್ಪನ ಮಗ ಬೈಕಿಂದ ಬಿದ್ದು, ತಲೆಗೆ ಪೆಟ್ಟಾಗಿ, ಆಪರೇಷನ್ ಆಗಿ, ನಡೆದುಕೊಂಡೇ ಮನೆಗೆ ಬಂದ. ನೆಂಟರೆಲ್ಲ ‘ದೇವರು ದೊಡ್ಡವನು’ ಅಂದರು. ಈಗ ಅವನು ಊಟ ಮಾಡಿ ಕೈ ತೊಳೆದವನು ಮತ್ತೆ ತಟ್ಟೆ ಮುಂದೆ ಕೂರುತ್ತಾನೆ. ಒಲೆ ಮೇಲೆ ಹಾಲಿಟ್ಟು ಬೀದಿಗೆ ಹೋಗುತ್ತಾನೆ. ಮಗು ಜೋರಾಗಿ ನಕ್ಕರೆ ಸಿಡುಕುತ್ತಾನೆ. ಇದು ಪೆಟ್ಟಾದ ಮೆದುಳಿನ ತೊಂದರೆ, ಆದರೆ ಅದೇ ನೆಂಟರು ಈಗ ‘ಸೊಕ್ಕು’ ಅನ್ನುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ‘ಥೆರಪಿ ಮುಂದುವರಿಸಿ’ ಅಂತ ಒಂದು ಸಾಲಿತ್ತು. ಎಲ್ಲಿ, ಯಾರ ದುಡ್ಡಲ್ಲಿ ಅಂತ ಇರಲಿಲ್ಲ. ಅಂಗವೈಕಲ್ಯದ ಸರ್ಟಿಫಿಕೇಟಿಗೆ ಹೋದರೆ, ‘ನಡೀತಾರೆ, ಮಾತಾಡ್ತಾರೆ, ಇನ್ನೇನು ತೊಂದರೆ?’

ಹಾಗೆ ಕೇಳಿದವರನ್ನಷ್ಟೇ ಬೈದು ಪ್ರಯೋಜನವಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಪಾರ್ಕಿನ್ಸನ್ಸ್ ಹೆಸರೂ ಇದೆ, ತಲೆಪೆಟ್ಟಿನದು ಇಲ್ಲ. ಕೈಕಾಲಿನ ಲೆಕ್ಕದಲ್ಲೋ, ಮಾತಿನ ಲೆಕ್ಕದಲ್ಲೋ, ಬುದ್ಧಿಯ ಲೆಕ್ಕದಲ್ಲೋ ಎಲ್ಲಾದರೂ ತೂರಿಕೊಂಡು ಶೇ. 40 ಅಂಗವೈಕಲ್ಯ ಮುಟ್ಟಬೇಕು. ಥೆರಪಿ ಖರ್ಚನ್ನೂ ಕೊಡುವ ‘ನಿರಾಮಯ’ ವಿಮೆ ಇದೆ, ಒಂದು ಲಕ್ಷದವರೆಗೆ. ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹು ಅಂಗವೈಕಲ್ಯ ಇರುವವರಿಗೆ ಮಾತ್ರ. ಮೂವತ್ತರ ವಯಸ್ಸಲ್ಲಿ ಬೈಕಿಂದ ಬಿದ್ದು ಮರೆವು, ಸಿಟ್ಟು ಹತ್ತಿಸಿಕೊಂಡವನು ಯಾವ ಸಾಲಲ್ಲಿ ನಿಲ್ಲಬೇಕು?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪುನಶ್ಚೇತನ ವಿಭಾಗವಿದೆ. ಮಾತಿನ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಆದರೆ ಥೆರಪಿ ಅಂದರೆ ಒಂದು ಸಲ ತೋರಿಸಿ ಮಾತ್ರೆ ತರುವ ಕೆಲಸವಲ್ಲ, ತಿಂಗಳುಗಟ್ಟಲೆ ಹೋಗಬೇಕು, ರೋಗಿಯ ಜೊತೆ ಇನ್ನೊಬ್ಬರು ಕೂಲಿ ಬಿಟ್ಟು ಬರಬೇಕು, ರಾಯಚೂರಿನವರು, ಬೀದರಿನವರು ಇದನ್ನು ಹೇಗೆ ಮಾಡುತ್ತಾರೆ ಹೇಳಿ.

ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ಅಂತ ಶುರು ಮಾಡಿದ್ದಾರೆ. ಹೊಸ ಕಟ್ಟಡ ಬೇಡ, ಅಲ್ಲೇ ಒಬ್ಬ ಸ್ಪೀಚ್ ಥೆರಪಿಸ್ಟ್, ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್, ಮನೆಯವರಿಗೂ ತಿಳಿಸಿ ಹೇಳುವ ಒಬ್ಬ ಸೈಕಾಲಜಿಸ್ಟ್ ಇರಲಿ. ಡಿಸ್ಚಾರ್ಜ್ ಆದ ದಿನವೇ ಆ ಕ್ಲಿನಿಕ್‌ನ ತಾರೀಕು ಬರೆದುಕೊಡಲಿ. ಖರ್ಚು ಆರೋಗ್ಯ ಕರ್ನಾಟಕ ಕಾರ್ಡಿಗೆ ಬರಲಿ, ಗಂಟೆ, ದಿನದ ಲೆಕ್ಕದಲ್ಲಿ ಅಲ್ಲ, ಕಡೇ ಪಕ್ಷ ಒಂದು ವರ್ಷ.