ಎದೆ ನಿಮ್ಮದು, ಜವಾಬ್ದಾರಿಯೂ ನಿಮ್ಮದೇ

ಹಾಸನದ ಹೃದಯಾಘಾತಗಳ ಕಥೆ ಮತ್ತೆ ಹೇಳಬೇಕಾಗಿಲ್ಲ. 2025ರ ಜೂನ್‌ನಲ್ಲಿ ಟೀವಿ ಹಾಕಿದರೆ ಸಾಕು, ಕ್ರಿಕೆಟ್ ಸ್ಕೋರಿನ ಹಾಗೆ ಸಾವಿನ ಲೆಕ್ಕ ಏರುತ್ತಿತ್ತು. ಜುಲೈ ಹೊತ್ತಿಗೆ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಬೆಳಬೆಳಗ್ಗೆಯೇ ಕ್ಯೂ. ಎದೆಯಲ್ಲಿ ಏನೂ ಇಲ್ಲದವರೂ ಆ ಕ್ಯೂ ನೋಡಿ ಎದೆ ಹಿಡಿದುಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೋವಿಡ್ ಲಸಿಕೆ ಕಡೆ ಬೆರಳು ತೋರಿಸಿದರು. ಸಂಬಂಧವೇ ಇಲ್ಲ ಅಂತ ದೆಹಲಿಯವರು ಅಂದರು. ಕೊನೆಗೆ ಜಯದೇವದ ನಿರ್ದೇಶಕರ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿ ವರದಿ ಕೊಟ್ಟಿತು. ಸಾವುಗಳೇನೂ ವಿಪರೀತ ಜಾಸ್ತಿಯಾಗಿಲ್ಲ. ಧೂಮಪಾನ, ಕುಡಿತ, ಶುಗರ್, ಬಿಪಿ, ಬೊಜ್ಜು, ಇವೇ ಹಳೇ ಕಾರಣಗಳು.

ಅಬ್ಬಾ, ನಿರಾಳ! ಲಸಿಕೆ ತಪ್ಪಲ್ಲ, ಸರ್ಕಾರದ ತಪ್ಪಲ್ಲ. ಸತ್ತವನೇ ಸರಿಯಾಗಿ ಬದುಕಲಿಲ್ಲ.

ಡಾಕ್ಟರುಗಳು ಹೇಳಿದ್ದು ಸುಳ್ಳಲ್ಲ ಬಿಡಿ. ಸಿಗರೇಟು ಸೇದಿ ಎದೆ ಗಟ್ಟಿ ಮಾಡಿಕೊಂಡವರು ಯಾರೂ ಇಲ್ಲ. ಆದರೆ ಆ ವರದಿ ಬಂದಿದ್ದೇ ತಡ, ಬುದ್ಧಿ ಹೇಳುವವರಿಗೆ ಸುಗ್ಗಿ ಶುರುವಾಯಿತು. ಪ್ರಧಾನಿಯವರು ಫೆಬ್ರವರಿಯಲ್ಲೇ ಅಡುಗೆ ಎಣ್ಣೆ ಹತ್ತು ಪರ್ಸೆಂಟ್ ಕಡಿಮೆ ಮಾಡಿ ಅಂದಿದ್ದರು. ಜುಲೈನಲ್ಲಿ, ತಿಂಡಿಯಲ್ಲಿ ಎಷ್ಟು ಎಣ್ಣೆ, ಎಷ್ಟು ಸಕ್ಕರೆ ಅಂತ ಕಚೇರಿಗಳಲ್ಲಿ ಬೋರ್ಡ್ ಹಾಕಿ ಅನ್ನುವ ಕೇಂದ್ರ ಆರೋಗ್ಯ ಇಲಾಖೆಯ ಮಾತು ಬಂತು. ಸಮೋಸ, ಜಿಲೇಬಿಗೂ ಸಿಗರೇಟಿನ ಥರ ಎಚ್ಚರಿಕೆ ಅಂತ ದೇಶವೆಲ್ಲ ಗುಲ್ಲು. ಅಯ್ಯೋ ಹಾಗಲ್ಲ, ಬರೀ ಸಲಹೆ ಅಂತ ಆಮೇಲೆ ಸಮಜಾಯಿಷಿ. ಪಾಪ, ಜಿಲೇಬಿಗೆ ಅಷ್ಟು ಪ್ರಚಾರ ಯಾವತ್ತೂ ಸಿಕ್ಕಿರಲಿಲ್ಲ.

ನಿಮ್ಮೂರಲ್ಲೂ ಹೃದಯ ಜಾಗೃತಿ ಕಾರ್ಯಕ್ರಮ ಆಗಿರಬೇಕಲ್ಲ? ವೇದಿಕೆ ಮೇಲೆ ಹದಿನಾಲ್ಕು ಜನ. ಎಲ್ಲರಿಗೂ ಶಾಲು, ಹಾರ, ಪೇಟ. ಒಂದೇ ಕಡೆ ಕೂತಿರುವುದು ಹೃದಯಕ್ಕೆ ಹೇಗೆ ಕೆಟ್ಟದ್ದು ಅಂತ ಎರಡು ಗಂಟೆ ಕೂರಿಸಿಕೊಂಡು ಹೇಳುತ್ತಾರೆ. ಸ್ವಾಗತ ಭಾಷಣದವರು ಮಾತು ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನವರಿಗೆ ವಡೆ ವಾಸನೆ ಬಂದಿರುತ್ತದೆ. ವಂದನಾರ್ಪಣೆ ಆದದ್ದೇ ತಡ, ಕೇಸರಿಬಾತ್‌, ಉದ್ದಿನ ವಡೆ, ಖಾರಾಬಾತ್. ದೊನ್ನೆಯ ತಳದಲ್ಲಿ ನಿಂತ ತುಪ್ಪವನ್ನು ಮುಖ್ಯ ಅತಿಥಿಗಳು ಬೆರಳಲ್ಲಿ ಬಳಿದು ತಿಂದು, 'ಯುವಜನತೆ ಎತ್ತ ಸಾಗುತ್ತಿದೆ' ಅಂತ ನಿಟ್ಟುಸಿರು ಬಿಡುತ್ತಾರೆ. ಹೊರಗೆ ಅವರ ಡ್ರೈವರ್ ಕಾರಿನಲ್ಲೇ ಕಾಯುತ್ತಿರುತ್ತಾನೆ. ಅವನಿಗೆ ಕೇಸರಿಬಾತ್ ಸಿಗುವುದಿಲ್ಲ. ಸದ್ಯ, ಅವನ ಹೃದಯವಾದರೂ ಉಳಿಯಿತು!

ಡ್ರೈವರ್ ಅಂದೆನಲ್ಲ. ಹಾಸನದಲ್ಲಿ ಸತ್ತವರಲ್ಲಿ ಆಟೋ, ಕ್ಯಾಬ್ ಓಡಿಸುವವರ ಪಾಲು ಕಣ್ಣಿಗೆ ಹೊಡೆಯುವಷ್ಟಿತ್ತು. ಆರೋಗ್ಯ ಸಚಿವರೇ ಆ ಮಾತು ಆಡಿದರು. ಹಾಗಾದರೆ ಅವರಿಗೇನು ಸಲಹೆ? ದಿನಾ ವಾಕಿಂಗ್ ಮಾಡಿ. ಎಲ್ಲಿ ಮಾಡಬೇಕು ಸ್ವಾಮಿ? ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್, ಅದರ ಪಕ್ಕ ಬೈಕು, ಬೈಕಿನಾಚೆ ಚಪ್ಪಡಿ ಎದ್ದ ಚರಂಡಿ. ಹೊತ್ತು ಹೊತ್ತಿಗೆ ಊಟ ಮಾಡಿ. ಬೆಂಗಳೂರಿನ ರಿಂಗ್ ರೋಡಿನಲ್ಲಿ ಸಿಕ್ಕಿಕೊಂಡವನಿಗೆ ಹೊತ್ತು ಅಂದರೆ ಏನು? ಚೆನ್ನಾಗಿ ನೀರು ಕುಡಿಯಿರಿ. ಕುಡಿದು ಎಲ್ಲಿಗೆ ಹೋಗಬೇಕು? ಮೂತ್ರಕ್ಕೆ ಜಾಗ ಸಿಗಲ್ಲ ಅಂತ ನೀರೇ ಕುಡಿಯದೆ ಮಧ್ಯಾಹ್ನದವರೆಗೂ ಓಡಿಸುವವರಿದ್ದಾರೆ. ಸ್ಟ್ರೆಸ್ ಬೇಡ, ಧ್ಯಾನ ಮಾಡಿ. ಸಿಲ್ಕ್‌ಬೋರ್ಡ್ ಸಿಗ್ನಲ್ಲಿನಲ್ಲಿ ಕಣ್ಣು ಮುಚ್ಚಿದರೆ ಹಿಂದಿನವನು ಹಾರನ್ ಹೊಡೆದೇ ಮೋಕ್ಷ ಕೊಡುತ್ತಾನೆ.

ತಮಾಷೆ ಸಾಕು. ನನಗೆ ನಿಜಕ್ಕೂ ಸಾಕಾಗಿದೆ. ಗಾಳಿ ಕೆಡಿಸಿದವರು ಯಾರೋ, ರಸ್ತೆ ಅಗೆದವರು ಯಾರೋ, ಹನ್ನೆರಡು ಗಂಟೆ ದುಡಿಸಿಕೊಂಡು ಕಮಿಷನ್ ಹಿಡಿಯುವವರು ಇನ್ಯಾರೋ. ಬೈಗುಳ ಮಾತ್ರ ಹಸಿದು ಎರಡು ಬೋಂಡ ತಿಂದವನಿಗೆ.

ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ಹೊರಗೆ ಹತ್ತಾರು ಸಾವಿರ ಬೆಲೆಯ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ಯೋಜನೆ. ಒಳ್ಳೇ ಕೆಲಸ, ಇದರಲ್ಲಿ ವ್ಯಂಗ್ಯ ಇಲ್ಲ. ಆದರೆ ಎದೆ ಹಿಂಡಿದಾಗ ಆ ಡ್ರೈವರ್ ಆಸ್ಪತ್ರೆಗೆ ಹೋಗಬೇಕಲ್ಲ. ಗ್ಯಾಸ್ಟ್ರಿಕ್ ಇರಬೇಕು ಅಂತ ಒಂದು ಸೋಡ ಕುಡಿದು ಇನ್ನೊಂದು ಟ್ರಿಪ್ ಹೊಡೆಯುತ್ತಾನೆ. ಗಾಡಿ ನಿಲ್ಲಿಸಿದರೆ ಅವತ್ತಿನ ಸಾಲದ ಕಂತು ಕಟ್ಟುವವರು ಯಾರು? ವೇದಿಕೆ ಮೇಲಿನ ಹದಿನಾಲ್ಕು ಜನರಲ್ಲಿ ಯಾರಾದರೂ ಒಬ್ಬರು ಹೇಳಲಿ.