ಬರೀ ಹೆಸರು ಕೊಟ್ಟರೆ ಎಲ್ಲಿಂದ ಹುಡುಕೋದು ಸ್ವಾಮಿ?

ಈಗಷ್ಟೇ ಮೆಸೆಂಜರ್‌ನಲ್ಲಿ ಯಾರೋ ಒಂದು ಹೆಸರು ಕಳಿಸಿ, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದಾರೆ. ಅಷ್ಟೇ. ಊರಿಲ್ಲ, ಕೆಲಸವಿಲ್ಲ, ನಮಸ್ಕಾರವಂತೂ ಇಲ್ಲವೇ ಇಲ್ಲ. ಅವರಿಗೆ ಆ ಮನುಷ್ಯನ ಇಮೇಲ್ ಬೇಕು ಅನ್ನುವುದನ್ನೂ ನಾನೇ ಊಹೆ ಮಾಡಿಕೊಳ್ಳಬೇಕು.

ನನ್ನ ಹಳೇ ಚಾಳಿ ನಿಮಗೆ ಗೊತ್ತೇ ಇದೆ. 1990ರ ದಶಕದ ಶುರುವಿನಲ್ಲಿ, ಗೂಗಲ್ ಹುಟ್ಟುವ ಮೊದಲು, ಜನರ ಇಮೇಲ್ ವಿಳಾಸ ಹುಡುಕಿಕೊಡುತ್ತಿದ್ದೆ. ಬಿಟ್ಟಿಯಾಗಿ. ಆಗ ಎಷ್ಟೋ ಜನರಿಗೆ ಬಿಟ್‌ನೆಟ್, ಯುಯುಸಿಪಿ ಅನ್ನುವ ಹಳೇ ಜಾಲಗಳ ಮೂಲಕ ಬರೀ ಮೇಲ್ ಬರುತ್ತಿತ್ತು, ಪೂರ್ತಿ ಇಂಟರ್ನೆಟ್ ಇರಲಿಲ್ಲ. ಅವರು ಮೇಲ್ ಹಾಕುತ್ತಿದ್ದರು, ನಾನು ಹುಡುಕಿ ಉತ್ತರ ಕಳಿಸುತ್ತಿದ್ದೆ. ಆಗಲೂ ಇದೇ ಕಥೆ. ‘ಸ್ಮಿತ್, ಅಮೆರಿಕ. ಅರ್ಜೆಂಟ್.’

ಬರೀ ಹೆಸರಿನಿಂದ ಏನೂ ಆಗುವುದಿಲ್ಲ ಅಂತ ಎಷ್ಟು ಸಲ ಬರೆದೆನೋ. ಒಂದು ಕಂಪ್ಯೂಟರಿನಲ್ಲಿ ಯಾರ ಖಾತೆ ಇದೆ ಅಂತ ಹೇಳುವ ಫಿಂಗರ್ ಅನ್ನುವ ಕಮಾಂಡ್ ಇತ್ತು ನಿಜ. ಆದರೆ ಆ ಮನುಷ್ಯನ ಖಾತೆ ಯಾವ ಕಂಪ್ಯೂಟರಿನಲ್ಲಿದೆ ಅಂತ ಮೊದಲೇ ಗೊತ್ತಿರಬೇಕು. ಅದು ಗೊತ್ತಿದ್ದರೆ ಅರ್ಧ ವಿಳಾಸ ಸಿಕ್ಕಂತೆಯೇ ಅಲ್ವಾ, ಮತ್ತೆ ನನ್ನನ್ನು ಯಾಕೆ ಕೇಳುತ್ತೀರಿ? ಸಾಲದ್ದಕ್ಕೆ 1988ರಲ್ಲಿ ಮಾರಿಸ್ ವರ್ಮ್ ಅನ್ನುವ, ತಾನೇ ಹರಡುವ ಕಿಡಿಗೇಡಿ ಪ್ರೋಗ್ರಾಂ ಇದೇ ಫಿಂಗರಿನ ಸಂದಿಯಲ್ಲಿ ನುಗ್ಗಿತ್ತು. ಆಮೇಲೆ ಎಷ್ಟೋ ಕಡೆ ಅದನ್ನು ಮುಚ್ಚಿಬಿಟ್ಟರು. ಹೂಈಸ್ ಅನ್ನುವ ಹೆಸರು-ವಿಳಾಸದ ಪಟ್ಟಿಯಲ್ಲಿ ನೋಂದಾಯಿಸಿಕೊಂಡವರು ಮಾತ್ರ ಸಿಗುತ್ತಿದ್ದರು. ಎಂಐಟಿಯ ಒಂದು ಸರ್ವರ್ ಯೂಸ್‌ನೆಟ್ ಅನ್ನುವ ಚರ್ಚಾ ಜಾಲದಲ್ಲಿ ಬರೆದವರ ವಿಳಾಸಗಳನ್ನು ಕೂಡಿಡುತ್ತಿತ್ತು, ಮೇಲ್ ಹಾಕಿದರೆ ಹೇಳುತ್ತಿತ್ತು. ಅಲ್ಲಿ ಒಂದಕ್ಷರವೂ ಬರೆಯದವನು ಅದಕ್ಕೂ ಸಿಗುತ್ತಿರಲಿಲ್ಲ. ವಿಳಾಸ ಹುಡುಕಿಕೊಡುವ ಕೊಲೊರಾಡೊ ವಿಶ್ವವಿದ್ಯಾಲಯದ ನೆಟ್‌ಫೈಂಡ್ ನನಗೆ ಅಚ್ಚುಮೆಚ್ಚು. ಅದು ಕೂಡ ಹೆಸರಿನ ಜೊತೆ ಊರು, ಸಂಸ್ಥೆ ಕೇಳುತ್ತಿತ್ತು. ಯಂತ್ರ ಕೇಳಿದರೆ ಸರಿ, ನಾನು ಕೇಳಿದರೆ ಅಹಂಕಾರ!

1988ರಲ್ಲೇ ಎಕ್ಸ್.500 ಅಂತ ಒಂದು ಮಾನದಂಡ ಬಂತು. ಇಡೀ ಜಗತ್ತಿಗೆ ಒಂದೇ ಡೈರೆಕ್ಟರಿ ಆಗುತ್ತದೆ ಅಂದರು. ಆಗಲಿಲ್ಲ ಬಿಡಿ.

ಏನೂ ಸಿಗದಿದ್ದರೆ ಉಳಿಯುತ್ತಿದ್ದದ್ದು ಪೋಸ್ಟ್‌ಮಾಸ್ಟರ್. ಮೇಲ್ ಇರುವ ಪ್ರತಿ ಜಾಗದಲ್ಲೂ ಆ ಹೆಸರಿನ ವಿಳಾಸ ಇರಲೇಬೇಕು ಅನ್ನುವುದು 1982ರ ನಿಯಮ. ಅದರ ಹಿಂದೆ ಕೂತಿರುವುದು ತಲೆ ತುಂಬ ಕೆಲಸವಿರುವ ಯಾರೋ ಒಬ್ಬ ಸಿಸ್ಟಮ್ ಅಡ್ಮಿನ್. ‘ನಿಮ್ಮಲ್ಲಿ ಸ್ಮಿತ್ ಇದ್ದಾರಾ’ ಅಂತ ಅವನನ್ನು ಕೇಳಲು ನನಗೇ ನಾಚಿಕೆ.

ಪಾಪ, ಹೊಸಬರು, ಅವರಿಗೇನು ಗೊತ್ತು ಅಂತೀರಿ. ಒಪ್ಪುವುದಿಲ್ಲ. ಫಿಂಗರ್ ಗೊತ್ತಿಲ್ಲದಿರಬಹುದು. ತಾನು ಹುಡುಕುತ್ತಿರುವ ಗೆಳೆಯ ಏನು ಓದಿದ, ಯಾವ ಊರಲ್ಲಿದ್ದ ಅನ್ನುವುದೂ ಗೊತ್ತಿಲ್ವಾ? ಗೊತ್ತಿರುತ್ತದೆ. ಟೈಪ್ ಮಾಡಲು ಸೋಮಾರಿತನ. ಪುಕ್ಕಟೆ ಕೆಲಸಕ್ಕೆ ಇಷ್ಟು ಸಾಕು ಅನ್ನುವ ಧೋರಣೆ.

ಹಾಗಾದರೆ ನೀನು ಯಾಕೆ ಮಾಡುತ್ತಿದ್ದೆ? ನಿಜ ಹೇಳಲಾ, ಸೇವೆ ಗೀವೆ ಏನಲ್ಲ. ಯಾರಿಗೂ ಸಿಗದ ವಿಳಾಸ ನನಗೆ ಸಿಕ್ಕಾಗ ಆಗುವ ಜಂಬ ಇದೆಯಲ್ಲ, ಅದಕ್ಕಾಗಿ ನಿದ್ದೆಗೆಟ್ಟಿದ್ದೇನೆ.

ಯಾಕೆ ಬೇಕು ಅಂತ ಹೇಳದವರಿಗೆ ಮಾತ್ರ ನೇರವಾಗಿ ಕೊಡುತ್ತಿರಲಿಲ್ಲ. ಮೊದಲು, ಯಾರ ವಿಳಾಸ ಸಿಕ್ಕಿತೋ ಅವರಿಗೇ ಬರೆದು, ಇಂಥವರು ಹುಡುಕುತ್ತಿದ್ದಾರೆ, ಕೊಡಲಾ ಅಂತ ಕೇಳುತ್ತಿದ್ದೆ. ದಯವಿಟ್ಟು ಬೇಡ ಅಂದವರೂ ಇದ್ದರು. ಆಗ ಕೇಳಿದವರಿಗೆ ‘ಸಿಗಲಿಲ್ಲ’ ಅಂತ ಬರೆದು ಕೈತೊಳೆದುಕೊಳ್ಳುತ್ತಿದ್ದೆ. ಈ ಸೇವೆ ದಂಡ, ನೀನು ನಾಲಾಯಕ್ಕು ಅಂತ ತಿರುಗಿ ಬೈಗುಳ ಬರುತ್ತಿತ್ತು. ಊರಿನ ಹೆಸರು ಬರೆಯಲು ಪುರುಸೊತ್ತಿಲ್ಲದವರು ಬೈಯಲು ಮಾತ್ರ ಪುಟಗಟ್ಟಲೆ ಟೈಪ್ ಮಾಡುತ್ತಿದ್ದರು.