ಕೊನಾತಾ ತರ ಹಾಡಕ್ಕೆ ಹೋಗಿ

ಲಕ್ಕಿ ಸ್ಟಾರ್ ಅಂತ ಒಂದು ಅನಿಮೆ, ಅಂದ್ರೆ ಜಪಾನಿ ಕಾರ್ಟೂನ್ ಸೀರಿಯಲ್ ಇದೆ, ಕ್ಯೋಟೋ ಅನಿಮೇಷನ್ ಅನ್ನೋ ಸ್ಟುಡಿಯೋದವರದ್ದು, 2007ರಲ್ಲಿ ಬಂದಿದ್ದು. ಕಥೆ ಏನು ಅಂತ ಮಾತ್ರ ಕೇಳ್ಬೇಡಿ. ನಾಲ್ಕು ಹೈಸ್ಕೂಲ್ ಹುಡುಗೀರು ಕೂತು ಹರಟೆ ಹೊಡೀತಾರೆ ಅಷ್ಟೆ, ಮೊದಲ್ನೇ ಎಪಿಸೋಡಲ್ಲಿ ಶಂಖದ ತರ ಇರೋ, ಚಾಕ್ಲೇಟ್ ತುಂಬಿರೋ ಬನ್ನನ್ನ ಯಾವ ತುದಿಯಿಂದ ತಿನ್ಬೇಕು ಅನ್ನೋದೇ ದೊಡ್ಡ ಚರ್ಚೆ. ನಾನು ಬಿದ್ದಿದ್ದು ಅದರ ಎಂಡಿಂಗಿಗೆ. ಮೊದಲರ್ಧದ ಎಪಿಸೋಡುಗಳಲ್ಲಿ ಕರೋಕೆ ರೂಮಿನ ಬಾಗಿಲು ಮಾತ್ರ ತೋರಿಸ್ತಾರೆ, ಒಳಗಡೆಯಿಂದ ಹುಡುಗೀರು ಹಾಡೋದು ಕೇಳುತ್ತೆ, ಮೇಲೆ ಹೆಸರುಗಳು ಓಡ್ತಾ ಇರುತ್ತೆ. ಆಮೇಲೆ ಆ ಹಾಡುಗಳ್ನೆಲ್ಲ ಸೇರ್ಸಿ ಆಲ್ಬಮ್ಮೂ ಮಾಡಿದ್ರು.

ಮಜಾ ಇರೋದು ಎಲ್ಲಿ ಅಂದ್ರೆ, ಆ ನಾಲ್ವರಲ್ಲಿ ಕೊನಾತಾ ಅನ್ನೋ ಹುಡುಗಿಗೆ ದನಿ ಕೊಟ್ಟಿರೋದು ಹಿರಾನೋ ಆಯಾ. ಅದರ ಹಿಂದಿನ ವರ್ಷ ಹರುಹಿ ಅನಿಮೆಯಲ್ಲಿ ಗಿಟಾರ್ ಹಿಡ್ದು ಸ್ಟೇಜ್ ಹಾಡು ಹಾಡಿ ಜನರ ಮೈ ಜುಂ ಅನ್ಸಿದ್ದು ಇದೇ ಗಂಟಲು. ಇಲ್ಲಿ ನೋಡಿದ್ರೆ 1976ರ ಯಾವುದೋ ರೋಬೋ ಸೀರಿಯಲ್ ಹಾಡನ್ನ, ಸ್ಕೂಲ್ ಬಿಟ್ಮೇಲೆ ಬಂದು ಸೋಫಾ ಮೇಲೆ ಕಾಲು ಚಾಚ್ಕೊಂಡ ಹುಡುಗಿ ತರ ಹಾಡ್ತಾಳೆ. ಚೆನ್ನಾಗಿ ಹಾಡಕ್ಕೆ ಬರೋಳು ಬೇಕು ಬೇಕಂತ ಬಾತ್‌ರೂಮ್ ಸಿಂಗರ್ ಆಗೋದು ಇದೆಯಲ್ಲ, ಅದು ಸುಲಭ ಅಲ್ಲ ಮಾರಾಯ್ರೇ. ನಮ್ಮಮ್ಮ ಒಂದ್ಸಲ ಇದನ್ನ ಕೇಳಿ "ಪಾಪ, ಆ ಮಗೂಗೆ ನೆಗಡಿನೇನೋ" ಅಂದ್ರು.

ಸುಲಭ ಅಲ್ಲ ಅಂತ ನಂಗೆ ಗೊತ್ತಾಗಿದ್ದು ಆಫೀಸ್ ಕೆಲಸಕ್ಕೆ ಟೋಕಿಯೋಗೆ ಹೋದಾಗ. ಟೀಮ್ ಊಟ ಮುಗ್ಸಿ ಸೀನಿಯರ್ ಒಬ್ರು ಕರೋಕೆಗೆ ಕರ್ಕೊಂಡು ಹೋದ್ರು. ನನ್ ಜಪಾನಿ ಉಚ್ಚಾರಣೆ ಚೆನ್ನಾಗಿದೆ ಅಂತ ಅವರು ಆಗ್ಲೇ ಹೊಗಳಿದ್ರು, ಅದರಲ್ಲಿ ನನ್ ಸಾಧನೆ ಏನೂ ಇಲ್ಲ ಬಿಡಿ, ನಾವು ಬಸ್ಸು ಗ್ಲಾಸು ಅಂದಂಗೆ ಅವರೂ ಬಾಸು ಗುರಾಸು ಅಂತಾರೆ. ಆದ್ರೆ ಹೊಗಳಿಕೆ ತಲೆಗೆ ಹತ್ತಿತ್ತು. ಹಾಡು ಆರಿಸೋ ಟ್ಯಾಬ್ಲೆಟ್ ಇಸ್ಕೊಂಡು ಕೊನಾತಾ ಹಾಡಿದ ಆ ರೋಬೋ ಹಾಡನ್ನೇ ಹಾಕ್ದೆ. ಅವಳ ದನೀಲೇ ಹಾಡೋಣ ಅಂತ ಬೇರೆ ತೀರ್ಮಾನ!

ಕರೋಕೆ ಅನ್ನೋ ಪದದಲ್ಲಿ ಕರಾ ಅಂದ್ರೆ ಖಾಲಿ, ಓಕೆ ಅಂದ್ರೆ ಆರ್ಕೆಸ್ಟ್ರಾ. ನಮ್ಮ ಬೀದಿ ಗಣೇಶನ ಆರ್ಕೆಸ್ಟ್ರಾದಲ್ಲಿ ಹಾಡೋನು ಎಡವಿದ್ರೆ ಕೀಬೋರ್ಡಿನವನು ಏನೋ ಒಂದು ನುಡ್ಸಿ ಮುಚ್ಚಾಕ್ತಾನೆ. ಇಲ್ಲಿ ಮುಚ್ಚೋರು ಯಾರೂ ಇಲ್ಲ. ಸ್ಕ್ರೀನಲ್ಲಿ ಕಾಂಜಿ ಅನ್ನೋ ಚಿತ್ರದಂಥ ಅಕ್ಷರ, ಅದನ್ನ ಹೆಂಗೆ ಓದ್ಬೇಕು ಅಂತ ಹೇಳೋಕೆ ಅದರ ತಲೆ ಮೇಲೆ ಇರುವೆ ಸಾಲಿನಂಗೆ ಸಣ್ಣ ಹಿರಾಗಾನಾ ಅಕ್ಷರ, ನಾನು ಒಂದೊಂದೇ ಅಕ್ಷರ ಕೂಡ್ಸಿ ಓದೋಷ್ಟರಲ್ಲಿ ಬಣ್ಣ ಮುಂದಿನ ಸಾಲಿಗೆ ಹೋಗಿರ್ತಿತ್ತು. ಪಲ್ಲವಿ ಬಂತು, ಅದೊಂದು ಬಾಯಿಪಾಠ ಇತ್ತು, ಸೋಫಾ ಮೇಲೆ ಒಂದು ಕಾಲಿಟ್ಟು ಕಣ್ ಮುಚ್ಚಿ ಮೂಗಲ್ಲಿ ಸ್ವರ ಎಳೀತಾ ಇದ್ದೀನಿ, ಬಾಗಿಲು ತೆರೀತು. ಫ್ರೆಂಚ್ ಫ್ರೈಸ್ ತಟ್ಟೆ ಹಿಡ್ಕೊಂಡು ವೇಟರ್ ಹುಡುಗ. ಅವನು ಮಂಡಿಯೂರಿ ತಟ್ಟೆ ಇಟ್ಟು, ಕೆಚಪ್ ಇಟ್ಟು, ಖಾಲಿ ಗ್ಲಾಸ್ ಒಂದೊಂದೇ ಎತ್ಕೊಂಡು, ಬಗ್ಗಿ ನಮಸ್ಕಾರ ಹಾಕಿ ಹೋಗೋ ತನಕ ನಾನು ಮೈಕ್ ಹಿಡ್ಕೊಂಡು ಗೊಂಬೆ ತರ ನಿಂತಿದ್ದೆ. ಮ್ಯೂಸಿಕ್ ಮಾತ್ರ ಅದರ ಪಾಡಿಗೆ ಓಡ್ತಿತ್ತು. ಕೊನೇಲಿ ಮಷೀನು 100ಕ್ಕೆ 61 ಅಂತ ಕೊಡ್ತು, ಬಹುಶಃ ವೇಟರ್ ಇದ್ದಾಗ ಸುಮ್ಮನಿದ್ದಿದ್ದಕ್ಕೇ ಅಷ್ಟು ಬಂದಿರ್ಬೇಕು.

ಅಷ್ಟರಲ್ಲಿ ಗೋಡೆ ಮೇಲಿನ ಫೋನು ಹೊಡ್ಕೊಳ್ತು. ಪಕ್ಕದ ರೂಮಿನೋರು ಕಂಪ್ಲೇಂಟ್ ಮಾಡಿದ್ದಾರೆ ಅಂತ ಜೀವ ಬಾಯಿಗೆ ಬಂತು, ತಪ್ಪು ನಂದೇ ಅಲ್ವಾ ಅಂತ ನಾನೇ ಓಡಿ ಎತ್ತಿ, ಅವರು ಏನಂದ್ರೂ ಬಗ್ಗಿ ಬಗ್ಗಿ "ಸುಮಿಮಾಸೆನ್, ಹಾಯ್, ಹಾಯ್" ಅಂದು ಇಟ್ಟೆ. ಸುಮಿಮಾಸೆನ್ ಅಂದ್ರೆ ಕ್ಷಮಿಸಿ, ಹಾಯ್ ಅಂದ್ರೆ ಹೂಂ ಅಂತ.

ಸೀನಿಯರ್ ಕೋಟು ಹಾಕ್ಕೊಳ್ತಾ, "ಟೈಮ್ ಮುಗೀತಂತಾ?" ಅಂದ್ರು. "ಏನೋ ಎಂಚೋ ಅಂದ್ರು, ಹಾಯ್ ಅಂದೆ" ಅಂದೆ. ಎಂಚೋ ಅಂದ್ರೆ ಎಕ್ಸ್‌ಟೆನ್ಷನ್ನು ಅಂತೆ. ಇನ್ನೂ ಅರ್ಧ ಗಂಟೆ. ಅವರು ನನ್ ಮುಖ ನೋಡಿದ್ರು, ಕೋಟು ಬಿಚ್ಚಿದ್ರು, ಟ್ಯಾಬ್ಲೆಟ್ಟನ್ನ ಮೆಲ್ಲಗೆ ನನ್ನಿಂದ ದೂರ ಇರೋ ಮೂಲೆಗೆ ಸರಿಸಿ ಒಂದು ಫ್ರೈಸ್ ಬಾಯಿಗೆ ಹಾಕ್ಕೊಂಡ್ರು.